ನದಿತೀರದ ಬಂಡಸಾಲೆ: ಹಿರಿಯರು ಬಿಟ್ಟುಹೋದ ಅಮಾನತ್ತು

ಮಂಗಳೂರಿನ ಹಳೆ ಬಂದರಿನಲ್ಲಿ, ಫಲ್ಗುಣಿ ನದಿಗೆ ಬೆನ್ನು ಕೊಟ್ಟು ನಿಂತಿರುವ ಬಂಡಸಾಲೆಯೊಂದರ ಜಗಲಿಯಲ್ಲಿ ಇತ್ತೀಚೆಗೆ ಒಂದು ಕುಟುಂಬ ಸಭೆ ಸೇರಿತ್ತು. ಮೂರು ತಲೆಮಾರುಗಳ ವಾರಸುದಾರರು ಅಲ್ಲಿದ್ದರು. ಕಟ್ಟಡವನ್ನು ಮಾರಬೇಕೇ, ಕೆಡವಿ ಹೊಸದನ್ನು ಕಟ್ಟಬೇಕೇ, ಇದ್ದ ಹಾಗೆಯೇ ಉಳಿಸಬೇಕೇ ಎಂಬುದು ಚರ್ಚೆಯ ವಿಷಯ. ಕುಟುಂಬದ ಹಿರಿಯರೊಬ್ಬರ ಆಹ್ವಾನದ ಮೇರೆಗೆ ನಾವೂ ಆ ಸಭೆಯಲ್ಲಿ ಕುಳಿತಿದ್ದೆವು. "ಇದು ಬರೀ ಒಂದು ಹಳೆ ಗೋದಾಮು. ಮಸೀದಿಯಲ್ಲ, ಕೋಟೆಯಲ್ಲ, ಅರಮನೆಯಲ್ಲ. ಇದರಲ್ಲಿ ಉಳಿಸುವಂಥದ್ದೇನಿದೆ?" ಎಂದು ಒಬ್ಬ ಯುವಕ ಕೇಳಿದ. ಪತಿಯನ್ನು ಕಳೆದುಕೊಂಡಿರುವ ಸಹೋದರಿಯೊಬ್ಬರು ಮೆಲುದನಿಯಲ್ಲಿ, "ನನ್ನ ಪಾಲು ಕೈಗೆ ಬಂದರೆ ಮಗಳ ಓದು ಮುಂದುವರಿಯುತ್ತದೆ" ಎಂದರು.

ಎರಡು ಮಾತುಗಳೂ ಪ್ರಾಮಾಣಿಕವಾಗಿದ್ದವು. ಅವುಗಳಿಗೆ ಉತ್ತರ ಕೊಡದೆ ಪರಂಪರೆಯ ಹಿರಿಮೆಯನ್ನು ಕೊಂಡಾಡುವುದು ಸುಲಭ, ಆದರೆ ಅದು ನ್ಯಾಯವಾಗಲಾರದು. ಸಭೆ ಯಾವ ತೀರ್ಮಾನಕ್ಕೂ ಬಾರದೆ ಮುಗಿಯಿತು. ಅಂದಿನಿಂದ ಈ ಎರಡು ಮಾತುಗಳು ನಮ್ಮನ್ನು ಬಿಟ್ಟಿಲ್ಲ. ಇಂತಹ ಸಭೆಗಳು ಕರಾವಳಿಯ ನದಿತೀರದ ಊರುಗಳಲ್ಲಿ, ನಮ್ಮದೇ ಮನೆಗಳಲ್ಲಿ, ಮತ್ತೆ ಮತ್ತೆ ನಡೆಯುತ್ತಿವೆ. ಆದ್ದರಿಂದ ಈ ವಿಷಯವನ್ನು ನಾವೆಲ್ಲರೂ ಸೇರಿ ಯೋಚಿಸುವುದು ಒಳ್ಳೆಯದು.

ಎರಡು ಬಾಗಿಲುಗಳ ಕಟ್ಟಡ

ಬಂಡಸಾಲೆ ಎಂದರೇನು ಎಂಬುದನ್ನು ಇಂದಿನ ಮಕ್ಕಳಿಗೆ ವಿವರಿಸಬೇಕಾಗಿದೆ. ಅದು ಅಂಗಡಿಯೂ ಹೌದು, ದಾಸ್ತಾನು ಕೋಣೆಯೂ ಹೌದು, ಕಚೇರಿಯೂ ಹೌದು. ಒಂದು ಬಾಗಿಲು ನದಿಯ ಕಡೆಗೆ, ಇನ್ನೊಂದು ಬಾಗಿಲು ಬೀದಿಯ ಕಡೆಗೆ. ದೋಣಿಯಿಂದ ಇಳಿದ ಸರಕು ಒಂದು ಕಡೆಯಿಂದ ಒಳಬಂದು, ತೂಕವಾಗಿ, ಲೆಕ್ಕಕ್ಕೆ ಸೇರಿ, ಇನ್ನೊಂದು ಕಡೆಯಿಂದ ಎತ್ತಿನಗಾಡಿ ಏರಿ ಹೊರಡುತ್ತಿತ್ತು. ನೆಲಮಾಳಿಗೆಯ ತೇವ ಸರಕಿಗೆ ತಾಗದಂತೆ ಎತ್ತರದ ಪಂಚಾಂಗ, ಮಳೆನೀರು ಒಳಗೆ ಎರಚದಂತೆ ಉದ್ದನೆಯ ಮಾಡು, ಮುರಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಒಂದೊಂದಾಗಿ ಕಳಚಿಡಬಹುದಾದ ಮರದ ಹಲಗೆಯ ಬಾಗಿಲುಗಳು, ಮೇಲೆ ಅಟ್ಟ, ಕೆಲವೆಡೆ ವ್ಯಾಪಾರಿಯ ಕುಟುಂಬವೇ ವಾಸಿಸುತ್ತಿದ್ದ ಉಪ್ಪರಿಗೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಅಕ್ಕಿ, ಮೆಣಸು, ಕೊಬ್ಬರಿ, ಅಡಿಕೆ, ಒಣಮೀನುಗಳನ್ನು ಕೆಡದಂತೆ ಕಾಯುವುದು ಸಣ್ಣ ಕೆಲಸವಲ್ಲ. ವಿದ್ಯುತ್ತಾಗಲಿ ಯಂತ್ರವಾಗಲಿ ಇಲ್ಲದ ಕಾಲದಲ್ಲಿ ಈ ಕಟ್ಟಡಗಳು ಆ ಕೆಲಸವನ್ನು ಮಾಡಿದವು.

ಇಂತಹ ಒಂದು ಕಟ್ಟಡವನ್ನು ಯಾರು ಕಟ್ಟಿದರು ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಒಬ್ಬ ವ್ಯಾಪಾರಿಯ ಹೆಸರು ಹೇಳುತ್ತೇವೆ. ಗೋಡೆಯನ್ನೇ ಕೇಳಿದರೆ ಅದು ಬೇರೆ ಉತ್ತರ ಕೊಟ್ಟೀತು. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುವ ಮುರಕಲ್ಲನ್ನು ಕಡಿದವರು ಒಬ್ಬರು, ಮರದ ತೊಲೆಗಳನ್ನು ಕೆತ್ತಿದವರು ಇನ್ನೊಬ್ಬರು. ಮಾಡಿನ ಹಂಚಿನ ಹಿಂದೆ ಕ್ರೈಸ್ತ ಮಿಷನ್ನಿನ ಕಾರ್ಖಾನೆಯ ಕಥೆಯಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನದಿಗಳು ತಂದು ಹಾಕಿದ ಜೇಡಿಮಣ್ಣಿನಿಂದ ತಯಾರಾದ 'ಮಂಗಳೂರು ಹಂಚು' ಇದೇ ನದಿಯ ದಾರಿಯಾಗಿ ದೇಶ ವಿದೇಶಗಳಿಗೆ ಹೋಯಿತು. ಹಳೆಯ ಹಂಚನ್ನು ತಿರುವಿ ನೋಡಿದರೆ ಕಾರ್ಖಾನೆಯ ಹೆಸರು ಕಾಣಿಸುತ್ತದೆ. ಕೆಲವದರ ಮೇಲೆ 1865 ಎಂಬ ಅಂಕಿಯೂ ಇದೆ. ಅದು ಕಾರ್ಖಾನೆ ಆರಂಭವಾದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಆದರೂ ಒಂದು ಹಂಚು ಇಷ್ಟು ಕಥೆ ಹೇಳಬಲ್ಲುದಾದರೆ ಇಡೀ ಕಟ್ಟಡ ಎಷ್ಟು ಹೇಳಬಹುದು!

ಸರಕನ್ನು ನೀರಿನ ಮೇಲೆ ತಂದವರು ಮೊಗವೀರರು ಮತ್ತು ಇತರ ದೋಣಿಗಾರರು. ಹೊರೆ ಹೊತ್ತವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದರು. ಕೊಂಡವರು, ಮಾರಿದವರು ಬ್ಯಾರಿಗಳು, ಕೊಂಕಣಿಗರು, ಗುಜರಾತಿಗಳು, ಕಚ್ಚೀ ಮೇಮನರು. ಲೆಕ್ಕದ ಮಣೆಯ ಮುಂದೆ ಕುಳಿತವರ ಭಾಷೆ ಒಂದು, ತಕ್ಕಡಿಯ ಬಳಿ ನಿಂತವರ ಭಾಷೆ ಇನ್ನೊಂದು, ದೋಣಿಯಲ್ಲಿದ್ದವರದ್ದು ಮತ್ತೊಂದು. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಬಂಡಸಾಲೆ ಎಂಬುದು ಈ ಸಮುದಾಯದ ಹೆಸರು ಹುಟ್ಟಿದ ಮನೆ ಎಂದರೂ ತಪ್ಪಾಗದು.

ಎಂಟುನೂರು ವರ್ಷಗಳಿಗೂ ಮಿಕ್ಕಿದ ನೆನಪು

ಇಂದು ನಿಂತಿರುವ ಬಂಡಸಾಲೆಗಳು ಅಷ್ಟೇನೂ ಪ್ರಾಚೀನವಲ್ಲ. ಆದರೆ ಅವು ನಿಂತಿರುವ ದಡದ ವ್ಯಾಪಾರ ಬಹಳ ಪ್ರಾಚೀನ. ಟ್ಯುನೀಸಿಯದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗಿನ ಅವಧಿಯ ಬಹುಭಾಗವನ್ನು ಮಂಗಳೂರಿನಲ್ಲಿ ಕಳೆದನು. ಅವನ ಪತ್ರಗಳು ಕೈರೋ ನಗರದ ಸಿನಗಾಗ್ ಒಂದರ ಹಳೆ ಕಾಗದಗಳ ರಾಶಿಯಲ್ಲಿ ಉಳಿದುಬಂದವು. ಲೇಖಕ ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ಕೃತಿಯ ಮೂಲಕ ಆ ಕಥೆ ಸಾಮಾನ್ಯ ಓದುಗರಿಗೂ ತಲುಪಿತು. ಏಡನ್ನಿನ ವರ್ತಕರು, ಇಲ್ಲಿನ ಸ್ಥಳೀಯರು, ಗುಜರಾತಿನ ಬನಿಯಾಗಳು, ಮುಸ್ಲಿಮರು, ಯಹೂದಿಗಳು ಒಬ್ಬರ ಮಾತನ್ನು ಇನ್ನೊಬ್ಬರು ನಂಬಿ ಸಮುದ್ರದಾಚೆಗೆ ಸರಕು ಕಳುಹಿಸುತ್ತಿದ್ದರೆಂಬುದು ಆ ಪತ್ರಗಳಿಂದ ತಿಳಿಯುತ್ತದೆ. ಮುಂಗಡ ಹಣ ಪಡೆದು ಏಲಕ್ಕಿ ಕೊಡದೆ ಸತಾಯಿಸಿದವನ ಬಗ್ಗೆಯೂ ಅವುಗಳಲ್ಲಿ ದೂರಿದೆ. ನಂಬಿಕೆಯೂ ನಂಬಿಕೆದ್ರೋಹವೂ ಅಂದೂ ಇದ್ದವು. ಆದರೆ ನಂಬಿಕೆಯೇ ಮೇಲುಗೈ ಪಡೆದದ್ದರಿಂದ ವ್ಯಾಪಾರ ಮುಂದುವರಿಯಿತು.

ಇದಾಗಿ ಸುಮಾರು ಎರಡು ಶತಮಾನಗಳ ಬಳಿಕ, 1342ರ ಆಸುಪಾಸಿನಲ್ಲಿ, ಇಬ್ನ್ ಬತೂತ ಈ ಕರಾವಳಿಯಲ್ಲಿ ಸಾಗಿದರು. ಮಂಗಳೂರಿನಲ್ಲಿ ಪರ್ಷಿಯಾ ಮತ್ತು ಯಮನಿನ ವ್ಯಾಪಾರಿಗಳು ಇಳಿಯುತ್ತಿದ್ದರೆಂದೂ ಮೆಣಸು, ಶುಂಠಿ ಹೇರಳವಾಗಿದ್ದವೆಂದೂ ಸುಮಾರು 4,000 ಮುಸ್ಲಿಮರು ಇಲ್ಲಿ ವಾಸವಾಗಿದ್ದರೆಂದೂ ಅವರು ದಾಖಲಿಸಿದ್ದಾರೆ. ಊರಿನವರಿಗೂ ಇವರಿಗೂ ಕೆಲವೊಮ್ಮೆ ಜಗಳವಾಗುತ್ತಿತ್ತೆಂದೂ, ವ್ಯಾಪಾರಿಗಳ ಅಗತ್ಯವನ್ನು ಬಲ್ಲ ಅರಸನೇ ಅವರ ನಡುವೆ ರಾಜಿ ಮಾಡಿಸುತ್ತಿದ್ದನೆಂದೂ ಅವರು ಹೇಳುತ್ತಾರೆ. ಈ ಮಾತು ನಮಗೆ ಇಂದಿಗೂ ಪಾಠವಾಗಬೇಕು. ಸಹಬಾಳ್ವೆ ಆಕಾಶದಿಂದ ಇಳಿದು ಬಂದದ್ದಲ್ಲ. ಜಗಳಗಳ ನಡುವೆಯೂ ಜನರು ತಕ್ಕಡಿಯ ಮುಂದೆ ಎದುರುಬದುರಾಗಿ ನಿಂತು ಅದನ್ನು ಕಟ್ಟಿದರು.

1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಅಕ್ಕಿಯೇ ಇಲ್ಲಿಂದ ಹೊರಹೋಗುವ ಮುಖ್ಯ ಸರಕೆಂದು ಬರೆದನು. ಅದು ಮಸ್ಕತ್, ಮುಂಬಯಿ, ಗೋವೆ, ಮಲಬಾರುಗಳಿಗೆ ಹೋಗುತ್ತಿತ್ತು. ಲಕ್ಷದ್ವೀಪದ ಅಮಿನಿದ್ವೀಪಗಳು 1956ರವರೆಗೂ ಆಡಳಿತಾತ್ಮಕವಾಗಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನವರು ತೆಂಗಿನ ನಾರು, ಕೊಬ್ಬರಿಗಳನ್ನು ತಂದು ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಇಂದಿಗೂ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೋಗುವುದು ಆ ಸಂಬಂಧದ ಮುಂದುವರಿಕೆ.

ಬದಲಾವಣೆ ಹಂತ ಹಂತವಾಗಿ ಬಂದಿತು. 1907ರಲ್ಲಿ ರೈಲು ಮಂಗಳೂರನ್ನು ತಲುಪಿತು. ಆಮೇಲೆ ಸೇತುವೆಗಳು, ಲಾರಿಗಳು ಬಂದವು. 1956ರ ಕಾಯ್ದೆಯ ಬಳಿಕ ಸೇರು, ಮಣಗಳು ಹೋಗಿ ಕಿಲೋಗ್ರಾಂ ಬಂದಿತು. ಹುಲ್ಲಿನಿಂದ ಬಿಗಿದ ಅಕ್ಕಿಮುಡಿ ಕಣ್ಮರೆಯಾಗಿ ಗೋಣಿಚೀಲ ಬಂದಿತು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಪ್ರಮುಖ ಬಂದರೆಂದು ಘೋಷಿತವಾದ ಮೇಲೆ ದೊಡ್ಡ ಹಡಗುಗಳ ವ್ಯಾಪಾರ ಅತ್ತ ಸರಿಯಿತು. ನದಿಯ ಕಡೆಗಿದ್ದ ಬಾಗಿಲುಗಳಿಗೆ ಅಗುಳಿ ಬಿದ್ದಿತು. ಬೀದಿಯ ಕಡೆಗಿದ್ದ ಬಾಗಿಲು ಮಾತ್ರ ತೆರೆದಿದೆ. ನೇತ್ರಾವತಿಯ ದಡದಲ್ಲಿ ಪಾಣೆಮಂಗಳೂರು, ಬಂಟ್ವಾಳಗಳದ್ದೂ ಇದೇ ಕಥೆ. ಘಟ್ಟದಿಂದ ಇಳಿದ ಸರಕು ದೋಣಿ ಏರುತ್ತಿದ್ದ ಆ ಪೇಟೆಗಳು 1923 ಮತ್ತು 1974ರ ಮಹಾನೆರೆಗಳನ್ನು ಕಂಡವು. ಈಗ ಅವುಗಳನ್ನು ಕಾಡುತ್ತಿರುವುದು ನೆರೆಯಲ್ಲ, ನಮ್ಮ ಮರೆವು.

ಗೋಡೆಯನ್ನು ಪೂಜಿಸುವುದೇ?

ಇಲ್ಲಿ ನಮ್ಮ ಓದುಗರಲ್ಲಿ ಒಂದು ಪ್ರಶ್ನೆ ಮೂಡುವುದು ಸಹಜ. ಕಲ್ಲು ಮಣ್ಣುಗಳ ಮೇಲೆ ಇಷ್ಟು ಮೋಹವೇಕೆ? ಇಸ್ಲಾಮ್ ಕಟ್ಟಡಗಳ ಹೆಮ್ಮೆಯನ್ನು ಖಂಡಿಸಿಲ್ಲವೇ? ಹೌದು, ಖಂಡಿಸಿದೆ. ಎತ್ತರದ ತಾಣಗಳಲ್ಲೆಲ್ಲಾ ವ್ಯರ್ಥವಾಗಿ ಸ್ಮಾರಕಗಳನ್ನು ಕಟ್ಟಿ, ಶಾಶ್ವತವಾಗಿ ಬದುಕುವವರಂತೆ ಬೀಗುತ್ತಿದ್ದ ಆದ್ ಜನಾಂಗವನ್ನು ಪ್ರವಾದಿ ಹೂದ್(ಅ) ಎಚ್ಚರಿಸಿದ ವೃತ್ತಾಂತ ಪವಿತ್ರ ಕುರ್‌ಆನಿನಲ್ಲಿದೆ (26: 128-129). ಆ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ.

ಆದರೆ ಇಲ್ಲಿ ವಿವೇಚನೆ ಬೇಕು. ಆದ್ ಜನಾಂಗದ ಕಟ್ಟಡಗಳು ಪ್ರದರ್ಶನಕ್ಕಾಗಿದ್ದವು. ಬಂಡಸಾಲೆ ದುಡಿಮೆಗಾಗಿ ಇದ್ದುದು. ಅದರ ಗೋಡೆಯಲ್ಲಿ ಯಾವ ಪಾವಿತ್ರ್ಯವೂ ಇಲ್ಲ; ಅದಕ್ಕೆ ಹರಕೆ ಹೊರಬೇಕೆಂದು ಯಾರೂ ಹೇಳುತ್ತಿಲ್ಲ. ಅದೇ ಕುರ್‌ಆನ್ ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಪರಿಣಾಮವನ್ನು ಕಣ್ಣಾರೆ ಕಾಣಿರೆಂದು ಮತ್ತೆ ಮತ್ತೆ ಕರೆ ಕೊಡುತ್ತದೆ (6: 11, 30: 9). ಕಾಣಬೇಕಾದರೆ ಕಾಣುವಂಥದ್ದು ಏನಾದರೂ ಉಳಿದಿರಬೇಕು. ಎಲ್ಲವನ್ನೂ ಕೆಡವಿ ಗಾಜಿನ ಗೋಡೆ ಎಬ್ಬಿಸಿದ ಊರಿನಲ್ಲಿ ನಾವು ಕಾಣುವುದು ನಮ್ಮ ಪ್ರತಿಬಿಂಬವನ್ನು ಮಾತ್ರ.

ಇನ್ನೂ ಮುಖ್ಯವಾದ ಮಾತಿದೆ. ಇಸ್ಲಾಮಿನಲ್ಲಿ ಮಾರುಕಟ್ಟೆ ಧರ್ಮದ ಹೊರಗಿನ ಜಾಗವಲ್ಲ. ಕುರೈಷರ ಚಳಿಗಾಲದ ಮತ್ತು ಬೇಸಗೆಯ ವ್ಯಾಪಾರ ಯಾತ್ರೆಗಳನ್ನು ಕುರ್‌ಆನಿನ ಒಂದು ಅಧ್ಯಾಯವೇ ಉಲ್ಲೇಖಿಸುತ್ತದೆ. ಕೊಳ್ಳುವಾಗ ಪೂರ್ತಿ ಅಳೆದು, ಕೊಡುವಾಗ ಕಡಿಮೆ ಅಳೆಯುವವರ ಮೇಲಿನ ಕಠಿಣ ಎಚ್ಚರಿಕೆಯೊಂದಿಗೆ ಇನ್ನೊಂದು ಅಧ್ಯಾಯ ಆರಂಭವಾಗುತ್ತದೆ (83: 1-3). ಪ್ರವಾದಿ ಶುಐಬ್(ಅ) ತಮ್ಮ ಜನತೆಗೆ ಏಕದೇವಾರಾಧನೆಯ ಜೊತೆಗೇ ಕೊಟ್ಟ ಉಪದೇಶ ಅಳತೆ ತೂಕಗಳದ್ದು (7: 85). ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ ಎಂಬುದು ಎಷ್ಟು ಮಂದಿಗೆ ನೆನಪಿದೆ (2: 282)? ಪ್ರವಾದಿ ಮುಹಮ್ಮದ್(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ಒದ್ದೆಯನ್ನು ಕಂಡುಹಿಡಿದು, ಅದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ವ್ಯಾಪಾರಿಯನ್ನು ಎಚ್ಚರಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ವಂಚಿಸುವವನು ನಮ್ಮವನಲ್ಲ ಎಂಬ ಆಶಯದ ಪ್ರಸಿದ್ಧ ವಚನ ಹೊರಟದ್ದು ಆ ಧಾನ್ಯದ ರಾಶಿಯ ಮುಂದೆಯೇ.

ಈಗ ಆ ಯುವಕನ ಪ್ರಶ್ನೆಗೆ ಮರಳೋಣ. ಗೋದಾಮಿನಲ್ಲಿ ಉಳಿಸುವಂಥದ್ದೇನಿದೆ? ಮಸೀದಿಯಲ್ಲಿ ಕಲಿತದ್ದನ್ನು ನಮ್ಮ ಹಿರಿಯರು ಪರೀಕ್ಷೆಗೆ ಒಡ್ಡಿದ ಜಾಗ ಇದು. ನಮಾಝಿನ ಸಾಲಿನಲ್ಲಿ ನಮ್ಮವರು ಮಾತ್ರ ಇರುತ್ತಾರೆ. ತಕ್ಕಡಿಯ ಮುಂದೆ ಎಲ್ಲರೂ ಇರುತ್ತಾರೆ. ನಮ್ಮ ಧರ್ಮ ಎಂಥದ್ದೆಂದು ನೆರೆಯವರಿಗೆ ತಿಳಿದದ್ದು ನಮ್ಮ ಪ್ರವಚನಗಳಿಂದಲ್ಲ, ಹೆಚ್ಚಾಗಿ ನಮ್ಮ ತೂಕದಿಂದ. ಕರಾವಳಿಯ ಇಸ್ಲಾಮ್ ವ್ಯಾಪಾರದ ದೋಣಿಯಲ್ಲಿ ಬಂದಿತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಯ ಮೂಲವನ್ನು ಮಾಲಿಕ್ ದೀನಾರರ ತಂಡದೊಂದಿಗೆ ಜೋಡಿಸುವ ಪರಂಪರೆ ನಮ್ಮಲ್ಲಿದೆ. ಅದರ ಕೆತ್ತನೆಯ ಕಂಬಗಳನ್ನು ತೋರಿಸಲು ಮಕ್ಕಳನ್ನು ಕರೆದೊಯ್ಯುತ್ತೇವೆ. ಆದರೆ ಆ ಮಸೀದಿಯ ಸುತ್ತಲಿನ ಬೀದಿಯ ದುಡಿಮೆಯೇ ಅದನ್ನು ಪೋಷಿಸಿತು. ಬೀದಿಯನ್ನು ಅಳಿಸಿ ಮಸೀದಿಯನ್ನು ಮಾತ್ರ ಉಳಿಸಿದರೆ ಮುಂದಿನ ಪೀಳಿಗೆಗೆ ಅರ್ಧ ಕಥೆಯಷ್ಟೇ ಸಿಕ್ಕೀತು.

ಇಂದಿನ ಕಾಲದಲ್ಲಿ ಇದಕ್ಕೆ ಇನ್ನೊಂದು ಮಹತ್ವವೂ ಇದೆ. ಈ ನಾಡಿನಲ್ಲಿ ನಾವು ಯಾವಾಗ, ಹೇಗೆ ಬೇರೂರಿದೆವು ಎಂಬ ಪ್ರಶ್ನೆ ಆಗಾಗ ನಮ್ಮತ್ತ ತೂರಿ ಬರುತ್ತದೆ. ಅದಕ್ಕೆ ಕೂಗಾಡಿ ಉತ್ತರಿಸಬೇಕಾಗಿಲ್ಲ. ಬ್ಯಾರಿಯ ಬಂಡಸಾಲೆಯ ಮಾಡಿನಲ್ಲಿ ಮಿಷನ್ನಿನ ಹಂಚು, ಅದರ ಕಿರ್ದಿಯಲ್ಲಿ ಕೊಂಕಣಿ ವರ್ತಕನ ಬಾಕಿ, ಅದರ ಧಕ್ಕೆಯಲ್ಲಿ ಮೊಗವೀರನ ದೋಣಿ ಇದ್ದವು. ಇದನ್ನು ಕಣ್ಣಾರೆ ಕಂಡವನಿಗೆ ಬೇರೆ ಸಾಕ್ಷ್ಯ ಬೇಡ. ನಮ್ಮ ಸಂವಿಧಾನ 51ಎ ವಿಧಿಯಲ್ಲಿ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದನ್ನು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳಿದೆ. ಆ ಸಮ್ಮಿಶ್ರ ಸಂಸ್ಕೃತಿಗೆ ಒಂದು ವಿಳಾಸ ಬೇಕೆಂದರೆ ಅದು ಇಂತಹ ಕಟ್ಟಡ. ಸಾಕ್ಷಿಯನ್ನು ನಮ್ಮ ಕೈಯಾರೆ ಕೆಡವಿ, ನಾಳೆ ಸಾಕ್ಷಿಯಿಲ್ಲವೆಂದು ಕೊರಗುವುದು ಯಾವ ಜಾಣತನ?

ಸಹೋದರಿಯ ಪಾಲು

ಇನ್ನು ಆ ಸಹೋದರಿಯ ಮಾತು. ನಮ್ಮ ದೃಷ್ಟಿಯಲ್ಲಿ ಇದು ಮೊದಲಿನದ್ದಕ್ಕಿಂತಲೂ ಗಂಭೀರವಾದದ್ದು. ವಾರಸುದಾರರ ಪಾಲುಗಳನ್ನು ಸ್ವತಃ ಅಲ್ಲಾಹನೇ ನಿಗದಿಪಡಿಸಿದ್ದಾನೆ (4: 11). ಅದು ಯಾರ ಔದಾರ್ಯವೂ ಅಲ್ಲ, ಹಕ್ಕು. 'ಹಿರಿಯರ ಆಸ್ತಿ, ಮಾರಬಾರದು' ಎಂಬ ಮಾತಿನ ಮರೆಯಲ್ಲಿ ಹೆಣ್ಣುಮಕ್ಕಳ ಪಾಲನ್ನು ವರ್ಷಗಟ್ಟಲೆ ತಡೆಹಿಡಿದು, ಬಾಡಿಗೆಯನ್ನು ಒಬ್ಬಿಬ್ಬರೇ ಅನುಭವಿಸುವ ಉದಾಹರಣೆಗಳು ನಮ್ಮ ಸಮುದಾಯದಲ್ಲಿ ಇಲ್ಲವೆಂದು ಯಾರಾದರೂ ಎದೆ ಮುಟ್ಟಿ ಹೇಳಬಲ್ಲರೇ? ಹಾಗೆ ಉಳಿದ ಕಟ್ಟಡ ಪರಂಪರೆಯ ಸ್ಮಾರಕವಲ್ಲ, ಅನ್ಯಾಯದ ಸ್ಮಾರಕ. ತೂಕದಲ್ಲಿ ನ್ಯಾಯ ಪಾಲಿಸಿದ ಹಿರಿಯರ ನೆನಪನ್ನು ಪಾಲಿನಲ್ಲಿ ಅನ್ಯಾಯ ಮಾಡಿ ಉಳಿಸಲಾಗದು.

ಆದ್ದರಿಂದ ನಮ್ಮ ನಿಲುವು ಸ್ಪಷ್ಟವಾಗಿದೆ: ಮೊದಲು ಪಾಲು, ಬಳಿಕ ಪರಂಪರೆ. ಆದರೆ ಪಾಲು ಕೊಡುವುದಕ್ಕೆ ಕೆಡವುವುದೊಂದೇ ದಾರಿಯೇ? ಉಳಿಸಿಕೊಳ್ಳಲು ಬಯಸುವ ವಾರಸುದಾರರು ಉಳಿದವರ ಪಾಲನ್ನು ಇಂದಿನ ಮಾರುಕಟ್ಟೆ ಬೆಲೆಗೆ ಕೊಳ್ಳಬಹುದು. ಒಮ್ಮೆಗೇ ಆಗದಿದ್ದರೆ ಬರಹದಲ್ಲಿ ಕರಾರು ಮಾಡಿ ಕಂತುಗಳಲ್ಲಿ ಕೊಡಬಹುದು. ಕಟ್ಟಡವನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟು, ಬಂದ ಹಣವನ್ನು ಶರೀಅತಿನ ಪಾಲಿನ ಪ್ರಕಾರ ಪ್ರತಿ ತಿಂಗಳೂ ಹಂಚಬಹುದು. ಹೊರಗಿನವರಿಗೆ ಮಾರುವುದಾದರೂ ಕಟ್ಟಡವನ್ನು ಉಳಿಸಿ ಬಳಸುವವರನ್ನು ಮೊದಲು ಹುಡುಕಬಹುದು. ಇವೆಲ್ಲವನ್ನೂ ಯತ್ನಿಸಿ ಯಾವುದೂ ಆಗದಿದ್ದರೆ, ಆ ಸಹೋದರಿಯ ಮಗಳ ಓದಿಗಿಂತ ಗೋಡೆ ದೊಡ್ಡದೆಂದು ನಾವು ಹೇಳಲಾರೆವು. ಆದರೆ ಯತ್ನಿಸುವ ಮೊದಲೇ ಕೈಚೆಲ್ಲುವುದು ಸರಿಯಲ್ಲ.

ವಕ್ಫ್ ದಾರಿ ತೋರಲಿ

ಖಾಸಗಿ ಕುಟುಂಬಗಳಿಗೆ ಉಪದೇಶಿಸುವ ಮೊದಲು ಜಮಾಅತ್‌ಗಳು ತಮ್ಮ ಅಂಗಳವನ್ನು ನೋಡಿಕೊಳ್ಳಬೇಕು. ನಮ್ಮ ಅನೇಕ ಮಸೀದಿ, ಮದ್ರಸಗಳ ಆದಾಯ ಬರುವುದು ಹಿರಿಯರು ವಕ್ಫ್ ಮಾಡಿಹೋದ ಅಂಗಡಿ, ಗೋದಾಮುಗಳ ಬಾಡಿಗೆಯಿಂದ. ವಕ್ಫಿನ ತತ್ವವನ್ನು ನೆನಪಿಸಿಕೊಳ್ಳೋಣ. ಖೈಬರಿನಲ್ಲಿ ತಮಗೆ ದೊರೆತ ಬೆಲೆಬಾಳುವ ಭೂಮಿಯನ್ನು ಏನು ಮಾಡಲೆಂದು ಉಮರ್(ರ) ಪ್ರವಾದಿಯವರನ್ನು(ಸ) ಕೇಳಿದಾಗ, ಮೂಲವನ್ನು ಉಳಿಸಿ ಅದರ ಫಲವನ್ನು ದಾನ ಮಾಡುವ ದಾರಿಯನ್ನು ಅವರು ತೋರಿದರು. ಮೂಲವನ್ನು ಉಳಿಸು, ಫಲವನ್ನು ಹಂಚು ಎಂಬ ಈ ತತ್ವಕ್ಕಿಂತ ಉತ್ತಮವಾದ ಸಂರಕ್ಷಣಾ ಸೂತ್ರವನ್ನು ಯಾವ ವಾಸ್ತುಶಿಲ್ಪಿ ಹೇಳಿಯಾನು?

ಇದು ಬರೀ ಆದರ್ಶದ ಮಾತಲ್ಲ. ತುರ್ಕಿಯ ಬುರ್ಸಾ ನಗರದಲ್ಲಿ ಸುಲ್ತಾನ್ ಎರಡನೇ ಬಾಯಝೀದ್ 1491ರಲ್ಲಿ ಕಟ್ಟಿಸಿದ 'ಕೋಝಾ ಹಾನ್' ಎಂಬ ವ್ಯಾಪಾರ ಕೇಂದ್ರದ ಆದಾಯ ಇಸ್ತಾಂಬುಲಿನ ಅವನ ಮಸೀದಿ, ಮದ್ರಸಗಳಿಗೆ ಮೀಸಲಾಗಿತ್ತು. ರೇಷ್ಮೆಗೂಡಿನ ವ್ಯಾಪಾರಕ್ಕಾಗಿ ಹುಟ್ಟಿದ ಆ ಕಟ್ಟಡದಲ್ಲಿ ಐನೂರು ವರ್ಷಗಳ ಬಳಿಕವೂ ರೇಷ್ಮೆ ಬಟ್ಟೆಯ ಅಂಗಡಿಗಳಿವೆ, ಅಂಗಳದಲ್ಲಿ ಜನರು ಕುಳಿತು ಚಹಾ ಕುಡಿಯುತ್ತಾರೆ. ಸೌದಿ ಅರೇಬಿಯದ ಜಿದ್ದಾದಲ್ಲಿ ಹವಳದ ಕಲ್ಲಿನಿಂದ ಕಟ್ಟಿದ ವ್ಯಾಪಾರಿಗಳ ಮನೆಗಳಿರುವ ಹಳೆಯ ನಗರ 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮ ಹಿರಿಯರು ಹಜ್ಜಿಗೆ ಹೋಗುವಾಗ ಹಡಗಿನಿಂದ ಇಳಿಯುತ್ತಿದ್ದುದು ಆ ನಗರದಲ್ಲಿಯೇ. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಕೊಚ್ಚಿಗೆ ಹೋಗಬಹುದು. ಅಲ್ಲಿನ ನೀರಿನಂಚಿನ ಆಸ್ಪಿನ್‌ವಾಲ್ ಹೌಸ್ ಮಸಾಲೆ, ಕಾಫಿ, ನಾರಿನ ವ್ಯಾಪಾರಕ್ಕಾಗಿ 19ನೇ ಶತಮಾನದಲ್ಲಿ ಹುಟ್ಟಿದ್ದು. 2012ರಲ್ಲಿ ಆರಂಭವಾದ ಕಲಾ ಮೇಳದ ಮುಖ್ಯ ತಾಣವಾಗಿ ಅದು ಲಕ್ಷಾಂತರ ಜನರನ್ನು ಆಕರ್ಷಿಸಿತು. ಮೆಣಸಿನ ಘಮಲು ಹೋದ ಮೇಲೂ ಗೋದಾಮಿಗೆ ಬದುಕಿದೆ ಎಂಬುದಕ್ಕೆ ಇದು ಸಾಕ್ಷಿ.

'ಹಳೆ ಕಟ್ಟಡ ಅಪಾಯಕಾರಿ' ಎಂಬ ಮಾತೂ ಕೇಳಿಬರುತ್ತದೆ. ಕೆಲವು ನಿಜವಾಗಿಯೂ ಅಪಾಯಕಾರಿ ಸ್ಥಿತಿಯಲ್ಲಿವೆ. ಜನರ ಪ್ರಾಣಕ್ಕಿಂತ ದೊಡ್ಡ ಪರಂಪರೆ ಇಲ್ಲ. ಆದರೆ ಬಹುತೇಕ ಕಟ್ಟಡಗಳು ವಯಸ್ಸಿನಿಂದ ಕೆಟ್ಟದ್ದಲ್ಲ, ಆರೈಕೆ ಇಲ್ಲದೆ ಕೆಟ್ಟವು. ಮಳೆಗಾಲಕ್ಕೆ ಮುಂಚೆ ಒಡೆದ ಹಂಚುಗಳನ್ನು ಬದಲಾಯಿಸದೆ ಬಿಟ್ಟರೆ ನೀರು ಪಕಾಸಿಗೆ ಇಳಿಯುತ್ತದೆ, ಪಕಾಸಿನಿಂದ ತೊಲೆಗೆ, ತೊಲೆಯಿಂದ ಗೋಡೆಗೆ. ಹತ್ತು ಹಂಚಿನ ಖರ್ಚನ್ನು ಉಳಿಸಲು ಹೋಗಿ ಮಾಡನ್ನೇ ಕಳೆದುಕೊಳ್ಳುತ್ತೇವೆ. ಇನ್ನೊಂದು ತಪ್ಪು, ದುರಸ್ತಿಯ ಹೆಸರಿನಲ್ಲಿ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಯುವುದು. ಮುರಕಲ್ಲು ಮತ್ತು ಸುಣ್ಣ ತೇವವನ್ನು ಹೀರಿ ಹೊರಬಿಡುತ್ತವೆ. ಸಿಮೆಂಟ್ ಆ ತೇವವನ್ನು ಒಳಗೇ ಬಂಧಿಸುತ್ತದೆ, ಗೋಡೆ ಒಳಗಿನಿಂದ ಕೊಳೆಯುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯ ಅಭಿಪ್ರಾಯ ಕೇಳದೆ ಕಟ್ಟಡಕ್ಕೆ ಮರಣಶಾಸನ ಬರೆಯಬಾರದು. ಉಪಯೋಗಕ್ಕೆ ಬರುವ ಕಟ್ಟಡವನ್ನು ಕೆಡವಿ ಅದರ ಕಲ್ಲು, ಮರಗಳನ್ನು ಕಸದ ರಾಶಿಗೆ ಸುರಿಯುವುದೂ ದುಂದುವೆಚ್ಚವೇ. ದುಂದುವೆಚ್ಚದ ಬಗ್ಗೆ ಕುರ್‌ಆನ್ ಏನು ಹೇಳಿದೆ ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ (17: 26-27).

ಸರಕಾರದ ಪಾತ್ರವೂ ಇದೆ. ರಾಜ್ಯದಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1961ರಲ್ಲೇ ಕಾಯ್ದೆ ಬಂದಿದೆ. ಆದರೆ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ ಸಿಗುವ ಆಸರೆ ಬೀದಿ ಬದಿಯ ಗೋದಾಮಿಗೆ ಸಿಗುವುದಿಲ್ಲ. ಹಳೆ ಬಂದರಿನ ಬೀದಿಗಳನ್ನು ಒಟ್ಟಾಗಿ ಪಾರಂಪರಿಕ ಪ್ರದೇಶವೆಂದು ಗುರುತಿಸುವುದು, ಕಟ್ಟಡ ಉಳಿಸುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವುದು, ದುರಸ್ತಿಗೆ ಸುಲಭ ಅನುಮತಿ ಕೊಡುವುದು ನಗರಾಡಳಿತದ ಕೈಯಲ್ಲಿದೆ. ಊರಿಗೆಲ್ಲ ಹೆಮ್ಮೆ ತರುವ ಕಟ್ಟಡದ ಖರ್ಚನ್ನು ಒಂದೇ ಕುಟುಂಬ ಹೊರಬೇಕೆಂದು ಬಯಸುವುದು ಸರಿಯಲ್ಲ. ಈ ಬೇಡಿಕೆಯನ್ನು ಮುಸ್ಲಿಮರು ಮಾತ್ರ ಇಡಬೇಕಾಗಿಯೂ ಇಲ್ಲ. ಬಂದರಿನ ಎಲ್ಲ ಸಮುದಾಯಗಳ ವರ್ತಕರೂ ಒಟ್ಟಾಗಿ ಕೇಳಿದರೆ ಆ ಕೇಳುವಿಕೆಯೇ ಬಂಡಸಾಲೆಯ ಸಂಸ್ಕೃತಿಗೆ ತಕ್ಕದ್ದಾಗುತ್ತದೆ.

ನಾಳೆ ಬೆಳಗ್ಗೆ ಮಾಡಬಹುದಾದ ಕೆಲಸ

ದೊಡ್ಡ ಯೋಜನೆಗಳಿಗಾಗಿ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ನಿಮ್ಮ ಕುಟುಂಬಕ್ಕೆ ಸೇರಿದ ಹಳೆಯ ಬಂಡಸಾಲೆ ಇದ್ದರೆ, ಅದನ್ನು ಉಳಿಸುವಿರೋ ಮಾರುವಿರೋ ಎಂಬುದು ತೀರ್ಮಾನವಾಗುವ ಮೊದಲೇ, ಅದರ ಎಲ್ಲ ಕೋಣೆಗಳ, ಬಾಗಿಲುಗಳ, ಮಾಡಿನ ಚಿತ್ರಗಳನ್ನು ತೆಗೆದಿಡಿ. ಅಳತೆಗಳನ್ನು ಬರೆದಿಡಿ. ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿರುವ ಕಿರ್ದಿ, ಖಾತೆ ಪುಸ್ತಕಗಳನ್ನು ದಯವಿಟ್ಟು ತೂಕಕ್ಕೆ ಹಾಕಬೇಡಿ. ಯಾರಿಗೆ ಎಷ್ಟು ಸಾಲ ಕೊಟ್ಟೆವು, ಯಾರಿಂದ ಪಡೆದೆವು, ಯಾವ ಬಾಕಿಯನ್ನು ಮನ್ನಾ ಮಾಡಿದೆವು ಎಂಬುದೆಲ್ಲ ಅಲ್ಲಿದೆ. ನಮ್ಮ ಸಮುದಾಯದ ಚರಿತ್ರೆಯನ್ನು ಬರೆಯುವವರಿಗೆ ಅದಕ್ಕಿಂತ ನಂಬಲರ್ಹ ದಾಖಲೆ ಬೇರೆಲ್ಲಿ ಸಿಕ್ಕೀತು? ಸಮೀಪದ ಕಾಲೇಜು, ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗಕ್ಕೆ ಅವುಗಳ ಪ್ರತಿ ಕೊಡಬಹುದು. ಮಂಜಿ, ಪತ್ತೆಮಾರಿಗಳ ಕಾಲವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಪಕ್ಕದಲ್ಲಿ ಕುಳಿತು ಅವರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಲು ಮಕ್ಕಳಿಗೆ ಹೇಳಿ. ಮದ್ರಸದ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಬಂದರಿನ ಬೀದಿಗೆ ಕರೆದೊಯ್ಯಿರಿ. ಅಳತೆ ತೂಕದ ಸೂಕ್ತಗಳನ್ನು ಹಳೆಯ ತಕ್ಕಡಿಯ ಮುಂದೆ ನಿಂತು ಓದಿದರೆ ಅವು ಮಕ್ಕಳ ಮನಸ್ಸಿನಲ್ಲಿ ಉಳಿಯುವ ರೀತಿಯೇ ಬೇರೆ.

ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬುದು ಅಲ್ಲಾಹನ ಆಜ್ಞೆ (4: 58). ಹಣದ ಅಮಾನತ್ತನ್ನು ನಾವು ಬಲ್ಲೆವು. ನೆನಪಿನ ಅಮಾನತ್ತೂ ಒಂದಿದೆ. ಅದರ ಹಕ್ಕುದಾರರು ಇನ್ನೂ ಹುಟ್ಟಿಲ್ಲ. ನಮ್ಮ ಹಿರಿಯರು ಪ್ರಾಮಾಣಿಕವಾಗಿ ದುಡಿದು, ನೆರೆಯವರ ವಿಶ್ವಾಸವನ್ನು ಗಳಿಸಿ ಬದುಕಿದರು ಎಂಬ ನೆನಪು ಅವರಿಗೆ ತಲುಪಬೇಕು. ತಲುಪಿಸುವ ಹೊಣೆ ನಮ್ಮದು.

ಆ ದಿನ ಸಭೆ ಮುಗಿದ ಮೇಲೆ ಪ್ರಶ್ನೆ ಕೇಳಿದ ಯುವಕನೇ ಹಿಂಬ���ಿಯ ಬಾಗಿಲಿನ ಅಗುಳಿಯನ್ನು ಎಳೆದು ತೆರೆದ. ಬಹಳ ಕಾಲದಿಂದ ಮುಚ್ಚಿದ್ದ ಬಾಗಿಲು. ಎದುರಿಗೆ ನದಿ, ಆಚೆ ದಡದಲ್ಲಿ ಬೆಂಗ್ರೆ, ಅದರಾಚೆ ಅರಬ್ಬೀ ಸಮುದ್ರ. ಮೆಟ್ಟಿಲುಗಳು ನೀರಿನವರೆಗೂ ಇಳಿದಿದ್ದವು. ಅವನು ಸ್ವಲ್ಪ ಹೊತ್ತು ಏನೂ ಮಾತನಾಡದೆ ನಿಂತು, ಬಳಿಕ ಆ ಸಹೋದರಿಯ ಕಡೆಗೆ ತಿರುಗಿ, "ಮಾಮಿ, ಮೊದಲು ನಿಮ್ಮ ಪಾಲಿನ ಲೆಕ್ಕ ಮಾಡೋಣ. ಆಮೇಲೆ ಮೇಸ್ತ್ರಿಯನ್ನು ಕರೆಸಿ ನೋಡೋಣ" ಎಂದ. ಇಷ್ಟೇ ಅನುಕ್ರಮವನ್ನು ನಮ್ಮ ಕುಟುಂಬಗಳೆಲ್ಲ ಪಾಲಿಸಿದರೆ ಸಾಕು. ನ್ಯಾಯವಾಗಿ ಹಂಚುವ, ವಿವೇಕದಿಂದ ಉಳಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.